ಕೆಂದ ಜೀಪು

ಲಿಂಗಸುಗೂರಿನ ಪೇಂಟರ್ ಮಲೀಕಸಾಬನ ಮುಂದೆ ಬ್ರೇಕ್ ಎಣ್ಣೆಯ ಹೆಸರು ಎತ್ತಬಾರದು. ಎತ್ತಿದಿರೋ, ಆ ದಿನದ ಚಹಾ ನಿಮಗೆ ಸಿಗುವುದಿಲ್ಲ. ಪಾಪ, ಅವನ ಸಿಟ್ಟಿಗೂ ಕಾರಣವಿತ್ತು. ಮೂರು ದಿನ ತಗಡು ತಿಕ್ಕಿ, ನಾಲ್ಕು ಕೈ ಬಣ್ಣ ಹೊಡೆದು, ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು ಅನ್ನುವಷ್ಟು ಹೊಳಪು ತಂದು ನಿಲ್ಲಿಸಿದ ಗಾಡಿಯ ಮೇಲೆ ಯಾವನೋ ಮೆಕ್ಯಾನಿಕ್ ನಾಲ್ಕು ಹನಿ ಬ್ರೇಕ್ ಎಣ್ಣೆ ಚೆಲ್ಲಿ ಹೋಗಿರುತ್ತಿದ್ದ. ಮರುದಿನ ನೋಡಿದರೆ ಆ ಜಾಗದ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಕೈಗೇ ಎದ್ದು ಬರುತ್ತಿತ್ತು. "ಈ ಎಣ್ಣಿ ಪೇಂಟರನ ಸವತಿ ಐತಿ" ಎಂದು ಬೈಯುತ್ತಿದ್ದ. ಅಂಥವನು 1987ರ ಡಿಸೆಂಬರಿನ ಒಂದು ಶನಿವಾರ ತನ್ನ ಕೈಯಾರೆ ಅರ್ಧ ಲೀಟರ್ ಬ್ರೇಕ್ ಎಣ್ಣೆ ಕೊಂಡು ತಂದ. ತಂದು, ಹೆಂಡತಿ ಗುಲ್ಷನ್‌ಬೀ ಉಪ್ಪಿನಕಾಯಿ ಹಾಕುವ ಗಾಜಿನ ಬರಣಿಗೆ ಸುರುವಿದ. ಗುಲ್ಷನ್‌ಬೀ ಅವತ್ತು ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಅದೆಲ್ಲ ಶುರುವಾದದ್ದು ಹಿಂದಿನ ದಿನ, ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿ ಮಲೀಕಸಾಬ ಬಸ್‌ಸ್ಟ್ಯಾಂಡಿನ ಹಿಂದಿನ ತನ್ನ ತಗಡಿನ ಶೆಡ್ಡಿಗೆ ಬಂದಾಗ, ವಕೀಲ ಬಸವಂತರಾಯರು ಒಂದು ಚಪ್ಪಲಿ ಡಬ್ಬಿ ಹಿಡಿದುಕೊಂಡು ಟ್ರ್ಯಾಕ್ಟರಿನ ಟೈರಿನ ಮೇಲೆ ಕೂತಿದ್ದರು. ಡಬ್ಬಿ ತೆರೆದರೆ ಒಳಗೆ ಹಳೇ ಉರ್ದು ಪತ್ರಿಕೆಯಲ್ಲಿ ಸುತ್ತಿದ ಆರು ಪ್ಲಾಸ್ಟಿಕ್ ಗಾಡಿಗಳು. ಒಂದೊಂದೂ ಅಂಗೈ ಅಗಲ. ನಾಲ್ಕು ಕಾರು, ಎರಡು ಜೀಪು. ಬಾಗಿಲು, ಬಂಪರು, ಸ್ಟೇರಿಂಗು, ಎಲ್ಲ ಅಸಲಿಯ ಹಾಗೇ.

"ಹೈದರಾಬಾದಿನ್ಯಾಗ ವಕೀಲಿ ಓದುವಾಗ ನಾನಽ ಕೂಡಿಸಿದ್ದು ಮಲೀಕಸಾಬ," ಎಂದರು ವಕೀಲರು, ಸ್ವಲ್ಪ ನಾಚಿಕೊಂಡು. "ತುಂಡು ತುಂಡು ಬರತಿದ್ವು, ಅಂಟು ಹಚ್ಚಿ ಕೂಡಿಸಬೇಕು. ಬಣ್ಣಾನೂ ನಂದಽ."

ಬಣ್ಣ ನೋಡಿ ಮಲೀಕಸಾಬನಿಗೆ ನಗು ತಡೆಯಲಿಲ್ಲ. ಗೋಡೆಗೆ ಹಚ್ಚುವ ನೀಲಿ ಬಣ್ಣವನ್ನು ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ಮೆತ್ತಿ, ಅದರ ಮೇಲೆ ಹಳದಿ ಪಟ್ಟಿ ಎಳೆದಿದ್ದರು. "ಸಾಹೇಬ್ರ, ನೀವು ವಕೀಲರಾಗಿದ್ದು ಛಲೋ ಆತು ನೋಡ್ರಿ. ಪೇಂಟರ್ ಆಗಿದ್ರ ಉಪಾಸ ಸಾಯತಿದ್ರಿ."

"ಮಶ್ಕಿರಿ ಸಾಕು. ಇದರಾಗ ಒಂದು ಜೀಪು ಬಣ್ಣ ತೆಗೆದು ಕೆಂಪು ಮಾಡಿಕೊಡು. ಸೋಮವಾರ ಹನ್ನೊಂದಕ್ಕ ಕೋರ್ಟಿನ್ಯಾಗ ಬೇಕು. ಪಂಪಣ್ಣನ ಕೇಸು, ನಾನಽ ಅವನ ವಕೀಲ."

ನಗು ನಿಂತಿತು. ಪಂಪಣ್ಣನ ಕೇಸು ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರಿದ್ದರು? ತುರ್ವಿಹಾಳದ ಪಂಪಣ್ಣ ಸಿಂಧನೂರಿನಿಂದ ಮಸ್ಕಿಗೆ ಜನರನ್ನು ತುಂಬಿಕೊಂಡು ಜೀಪು ಓಡಿಸುವವನು. ಅವನದು ಕೆಂಪು ಜೀಪು. ಹಿಂದಿನ ವರ್ಷ ಕಾರ್ತಿಕದಲ್ಲಿ ಮಸ್ಕಿ ಹಳ್ಳದ ಸೇತುವೆಯ ಹತ್ತಿರ ಕುರಿ ಕಾಯುವ ಬಸ್ಸಪ್ಪನಿಗೆ ಒಂದು ಜೀಪು ಬಡಿದು ನಿಲ್ಲದೆ ಹೋಗಿತ್ತು. ಬಸ್ಸಪ್ಪ ಅಲ್ಲೇ ಸತ್ತ. ನೋಡಿದವಳು ಒಬ್ಬಳೇ, ಕಳೆ ಕಿತ್ತು ಬರುತ್ತಿದ್ದ ಮಸ್ಕಿಯ ಪಕೀರಮ್ಮ. ಅವಳಿಗೆ ನಂಬರು ಓದಲು ಬರುವುದಿಲ್ಲ, ಬಣ್ಣವನ್ನಷ್ಟೇ ಹೇಳಿದಳು. ಅವಳ ಹೇಳಿಕೆ ಬರೆದುಕೊಂಡವನು ಮೈಸೂರು ಕಡೆಯಿಂದ ಹೊಸದಾಗಿ ಬಂದ ಪೊಲೀಸಿನವನು. 'ಕೆಂಪು ಜೀಪು' ಎಂದು ಬರೆದುಕೊಂಡ. ಆ ದಾರಿಯಲ್ಲಿ ಕೆಂಪು ಜೀಪು ಇದ್ದದ್ದು ಒಂದೇ. ಪಂಪಣ್ಣ ನಲವತ್ತು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಗೆ ಬಂದಿದ್ದ. ಜೀಪು ಜಪ್ತಿಯಾಗಿತ್ತು, ಲೈಸೆನ್ಸು ಹೋಗಿತ್ತು. ಈಗ ತೀರ್ಪು ಅವನ ವಿರುದ್ಧ ಬಂದರೆ ಎರಡು ವರ್ಷ ಜೈಲು.

"ಆ ಮುದುಕಿಗೆ ಎಡಕ ಬಲಕ ಹೇಳಾಕ ಬರಂಗಿಲ್ಲ," ಎಂದರು ವಕೀಲರು. "ಮೂಡಲಕ, ಪಡುವಲಕ ಅಂತಾಳ. ಕರೇ ಕೋಟು ಕಂಡ್ರ ನಾಲಿಗಿ ಒಳಗ ಹೋಗತೈತಿ. ಅದಕ್ಕ ಒಂದು ಹಲಗಿ ಮ್ಯಾಲ ರಸ್ತಾ, ಸೇತುವೆ ಬರೆಸೀನಿ. ಜೀಪು ಆಕಿ ಕೈಗೆ ಕೊಟ್ಟು, 'ಎಲ್ಲಿಂದ ಬಂತು ತೋರಿಸವ್ವಾ' ಅಂತೀನಿ. ಪಂಪಣ್ಣ ಅವತ್ತು ಬಂದಿದ್ದು ಬ್ಯಾರೆ ಕಡಿಂದ, ಅದು ಕಣ್ಣಿಗೆ ಕಾಣಬೇಕು. ಜಡ್ಜ್ ಸಾಹೇಬ್ರು ಒಪ್ಯಾರ."

"ನೀಲಿ ಇದ್ರ ಏನಾತ್ರೀ?"

"ನೀಲಿ ಇಟ್ರ 'ಇದು ಆ ಗಾಡಿ ಅಲ್ಲ' ಅಂತ ಕೂತ್ಕೊಂಡು ಬಿಡ್ತಾಳ! ಆಕಿ ಹಟ ನಿನಗೇನು ಗೊತ್ತು. ಕೆಂಪಽ ಬೇಕು."

ವಕೀಲರು ಅತ್ತ ಹೋದರು. ಇತ್ತ ಮಲೀಕಸಾಬ ಒಂದು ಜೀಪು ತೆಗೆದುಕೊಂಡು, ಲಾರಿ ತೊಟ್ಟಿಗೆ ಮಾಡುವಂತೆ ಬಟ್ಟೆಗೆ ಥಿನ್ನರ್ ಸುರುವಿಕೊಂಡು ತಿಕ್ಕಿಯೇಬಿಟ್ಟ. ನೀಲಿ ಬಂತು. ನೀಲಿಯ ಜೊತೆಗೆ ಜೀಪಿನ ಬಾನೆಟ್ಟೂ ಬಂತು! ಪ್ಲಾಸ್ಟಿಕ್ಕು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಮೆತ್ತಗಾಗಿ ಬೆರಳಿಗೆ ಅಂಟಿತು. ಬಿಡಿಸಿಕೊಳ್ಳಲು ಹೋದರೆ ಬಾಗಿಲು ಸೊಟ್ಟ, ಕಿಟಕಿ ಮಾಯ. ಇಪ್ಪತ್ತೆಂಟು ವರ್ಷ ಬಣ್ಣದಲ್ಲೇ ಬದುಕಿದವನು ತನ್ನ ಬೆರಳಿಗಂಟಿದ ಆ ಮುದ್ದೆಯನ್ನು ನೋಡುತ್ತ ನಿಂತ. ಅವಸರವೇ ಅಪಾಯಕ್ಕೆ ಕಾರಣ ಎಂದು ತಾನೇ ಹತ್ತು ಲಾರಿಗಳ ಹಿಂದೆ ಬರೆದಿದ್ದನಲ್ಲ! ಉಳಿದದ್ದು ಇನ್ನೊಂದೇ ಜೀಪು. ಅದೂ ಕರಗಿದರೆ ಸೋಮವಾರ ಪಂಪಣ್ಣನಿಗೆ ತೋರಿಸಲು ಮುಖವಿಲ್ಲ.

ಆ ಸಂಜೆಯೆಲ್ಲ ಅವನು ಸೀಮೆಎಣ್ಣೆ, ಟರ್ಪೆಂಟೈನ್, ಸೋಡಾ ಎಂದು ಒಂದೊಂದನ್ನೇ ಕರಗಿದ ಜೀಪಿನ ಚೂರಿಗೆ ಹಚ್ಚಿ ನೋಡಿದ. ಒಂದಕ್ಕೂ ಬಣ್ಣ ಜಗ್ಗಲಿಲ್ಲ. ಶನಿವಾರ ಬೆಳಿಗ್ಗೆ ಪಕ್ಕದ ಗ್ಯಾರೇಜಿನ ಬಂದೇಸಾಬ ಬ್ರೇಕ್ ಎಣ್ಣೆ ತುಂಬುವುದು ಕಣ್ಣಿಗೆ ಬಿತ್ತು. ಆ ಎಣ್ಣೆಯ ಡಬ್ಬಿ ಪ್ಲಾಸ್ಟಿಕ್ಕಿನದು. ವರ್ಷಗಟ್ಟಲೆ ಅದರಲ್ಲೇ ಇರುತ್ತದೆ, ಡಬ್ಬಿಗೆ ಏನೂ ಆಗುವುದಿಲ್ಲ. ಆದರೆ ಬಣ್ಣದ ಮೇಲೆ ಬಿದ್ದರೆ? ಮಲೀಕಸಾಬ ಹಣೆ ಹಣೆ ಬಡಿದುಕೊಂಡ. ಇಷ್ಟು ವರ್ಷ ಬೈದ ಸವತಿಯ ಕಾಲಿಗೇ ಬೀಳಬೇಕಾಗಿ ಬಂತು.

ಈ ಸಲ ಅವಸರ ಮಾಡಲಿಲ್ಲ. ಜೀಪನ್ನು ಮೊದಲು ಬಿಚ್ಚಿದ. ಬಿಸಿನೀರಿನ ಬಟ್ಟೆ ಹಿಡಿದು ಅಂಟನ್ನು ಸಡಿಲ ಮಾಡಿ, ಸಂದಿಯಲ್ಲಿ ದಾಡಿ ಮಾಡುವ ಬ್ಲೇಡು ತೂರಿಸಿ, ಉಸಿರು ಬಿಗಿಹಿಡಿದು ಒಂದೊಂದೇ ತುಂಡು ಎಬ್ಬಿಸಿದ. ವಕೀಲರು ಅಂಟು ಹಚ್ಚುವುದರಲ್ಲಿ ಮಾತ್ರ ಧಾರಾಳಿ! ಗಾಲಿ, ಬಂಪರು, ಸೀಟು, ಸ್ಟೇರಿಂಗು, ಮುಂದಿನ ಗಾಜು ಎಲ್ಲವನ್ನೂ ಊಟದ ತಾಟಿನಲ್ಲಿ ಬಿಚ್ಚಿದ ಸಾಲಿನಲ್ಲೇ ಇಟ್ಟ. ಎಡಗಡೆಯ ಕನ್ನಡಿಯ ಕಡ್ಡಿ ಮುರಿಯಿತು. ಬರೀ ಮೈಯನ್ನು ಬರಣಿಯೊಳಗೆ ಇಳಿಬಿಟ್ಟು ಮುಚ್ಚಳ ಹಾಕಿದ. ಭಾನುವಾರ ಬೆಳಿಗ್ಗೆ ಎತ್ತಿ ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಮುಟ್ಟಿದರೆ, ಯಾ ಅಲ್ಲಾ, ಹಳದಿ ಪಟ್ಟಿ, ನೀಲಿ, ಎಲ್ಲ ಪೊರೆಯಂತೆ ಕಳಚಿಕೊಂಡು ಬಂತು. ಒಳಗೆ ಬೆಳ್ಳಗಿನ ಪ್ಲಾಸ್ಟಿಕ್ಕು, ಒಂದು ಗೀರಿಲ್ಲ. ಸಾಬೂನಿನ ನೀರಿನಲ್ಲಿ ಮೂರು ಸಲ ತೊಳೆದು, ಅಸ್ತರ್ ಹಚ್ಚಿ, ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಒಣಗಲು ಇಟ್ಟ. ಅಸ್ತರ್ ಅಂದರೆ ಮೇಲಿನ ಬಣ್ಣ ಹಿಡಿಯಲಿ ಎಂದು ಕೆಳಗೆ ಹಚ್ಚುವ ಕಾವಿ ಬಣ್ಣ. ಇಟ್ಟಂಗಿ ಪುಡಿಯ ಹಾಗಿರುತ್ತದೆ, ಹೊಳಪು ಇರುವುದಿಲ್ಲ. ಅದರ ಮೇಲೆ ಸಂಜೆ ಕೆಂಪು ಹಚ್ಚಿದರೆ ಬೆಳಗಿನವರೆಗೆ ಆರುತ್ತದೆ ಎಂಬುದು ಅವನ ಲೆಕ್ಕ.

ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಮುದುಕಿ ಬಂದು ಕಟ್ಟೆಯ ಹತ್ತಿರ ನಿಂತಳು. ಕಾಲು ತುಂಬ ಧೂಳು, ತಲೆಯ ಮೇಲೆ ಗಂಟು.

"ಯಪ್ಪಾ, ಒಂದು ತಂಬಿಗಿ ನೀರು ಕೊಡು. ನಾಳಿ ಕೋರ್ಟಿಗೆ ಬರಾಕ ಹೇಳ್ಯಾರ. ಮಗಳ ಮನ್ಯಾಗ ಉಳಕೊಂಡ್ರಾತು ಅಂತ ಇವತ್ತಽ ಬಂದೆ. ಕೋರ್ಟು ಯಾ ಕಡೀಗೆ?"

ಪಕೀರಮ್ಮ! ಮಲೀಕಸಾಬ ನೀರು ತಂದುಕೊಟ್ಟ. ಅವಳು ತಂಬಿಗೆ ಎತ್ತಿ ಕುಡಿಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಅವಳ ಕಣ್ಣು ಕಟ್ಟೆಯ ಮೇಲಿತ್ತು. ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ಇಲ್ಲಿಗೆ ಹ್ಯಾಂಗ ಬಂತು?"

"ಯಾವುದು?"

"ಬಸ್ಸಪ್ಪನ್ನ ಕೊಂದಿದ್ದು. ಇದಽ. ಸಣ್ಣದೈತಿ, ಖರೆ. ಆದ್ರ ಇದಽ."

ಮಲೀಕಸಾಬ ನಕ್ಕ. "ಇದಕ್ಕ ಇನ್ನಾ ಬಣ್ಣ ಹಚ್ಚಿಲ್ಲಬೇ ಯಮ್ಮಾ, ಇದು ಅಸ್ತರ್. ಸಂಜೀಕ ಕೆಂಪು ಮಾಡತೀನಿ. ನೀ ಹೇಳಿದ ಹಂಗಽ ಕೆಂಪು."

"ನಾ ಎಲ್ಲಿ ಕೆಂಪು ಅಂದೀನಿ?" ಮುದುಕಿಗೆ ಸಿಟ್ಟು ಬಂತು. "ಕೆಂದ ಅಂದೀನಿ, ಕೆಂದ! ನಮ್ಮ ಮನ್ಯಾಗ ಕೆಂದ ಎತ್ತು ಸಾಕೀವಿ, ಕೆಂದ ಆಕಳ ಹಿಂಡೀವಿ. ನನಗ ಕೆಂಪು ಯಾವುದು ಕೆಂದ ಯಾವುದು ತಿಳಿಯಂಗಿಲ್ಲೇನು? ಬಿಸಿಲು ಎದುರಿಗಿತ್ತು. ಕೆಂಪು ಗಾಡಿ ಆಗಿದ್ರ ಥಳಕ್ ಅಂತಿತ್ತು. ಅದು ಹೊಳೀಲಿಲ್ಲ. ಇಟ್ಟಂಗಿ ಬಟ್ಟ್ಯಾಗಿಂದ ಎದ್ದು ಬಂದಂಗ ಇತ್ತು."

ಎಂಥ ಮಾತು ನೋಡಿ! ಮೈಸೂರು ಕಡೆಯ ಆ ಪುಣ್ಯಾತ್ಮನಿಗೆ ಎತ್ತಿನ ಬಣ್ಣ ಏನು ಗೊತ್ತು? 'ಕೆಂದ' ಅಂದದ್ದನ್ನು ಮುದುಕಿಯ ತೊದಲು ಅಂದುಕೊಂಡು ತಿದ್ದಿ ಬರೆದಿದ್ದ. ಬರೆದದ್ದನ್ನು ಅವಳಿಗೆ ಯಾರೂ ಓದಿ ಹೇಳಲಿಲ್ಲ, ಹೆಬ್ಬೆಟ್ಟು ಒತ್ತು ಅಂದರು, ಒತ್ತಿದಳು.

ಮಲೀಕಸಾಬ ಕಟ್ಟೆಯ ಮೇಲಿನ ಜೀಪನ್ನು ನೋಡಿದ. ಮುದುಕಿ ಕೋರ್ಟಿನ ದಾರಿ ಕೇಳುತ್ತಲೇ ಇದ್ದಳು. ಅವನು ಏನು ಹೇಳಿದನೋ ಅವನಿಗೇ ಗೊತ್ತಿಲ್ಲ. ಅವಳು ಹೋದ ಮೇಲೆ ಶೆಡ್ಡಿನ ಒಳಗೆ ಹೋಗಿ ಬಣ್ಣದ ಡಬ್ಬಿಗಳ ನಡುವೆ ಕೂತುಬಿಟ್ಟ.

ಯಾವ ಜೀಪೂ ಅಸ್ತರ್ ಮೇಲೆ ರಸ್ತೆಗೆ ಹೋಗುವುದಿಲ್ಲ. ಪೇಂಟರುಗಳು ಬಿಡುವುದಿಲ್ಲ. ಹೆಣ್ಣುಮಗಳನ್ನು ಒಳಲಂಗದಲ್ಲಿ ಸಂತೆಗೆ ಕಳಿಸಿದ ಹಾಗೆ, ಮರ್ಯಾದೆಗೇಡು ಅದು. ಮಲೀಕಸಾಬ ತನ್ನ ಜನ್ಮದಲ್ಲಿ ಒಂದೇ ಒಂದು ಸಲ ಬಿಟ್ಟಿದ್ದ. ಹಿಂದಿನ ವರ್ಷ ಕಾರ್ತಿಕದಲ್ಲಿ. ಸಿಂಧನೂರಿನ ಅಕ್ಕಿ ಮಿಲ್ಲಿನ ಸಾವುಕಾರ ಕರಿಬಸಪ್ಪನವರ ಜೀಪು. "ಒಂದು ದಿನದ ಕೆಲಸ ಐತಿ, ಹೋಗಿ ಬರ್ತೀನಿ" ಎಂದು ಕೀಲಿ ಇಸಕೊಂಡು ತಾವೇ ಓಡಿಸಿಕೊಂಡು ಹೋದರು. ಬೇಡ ಅನ್ನಲು ಮಲೀಕಸಾಬನಿಗೆ ಬಾಯಿ ಬರಲಿಲ್ಲ. ಅವನ ಶೆಡ್ಡಿಗೆ ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಅವರವೇ. ಮರುದಿನ ಜೀಪು ಬಂದಾಗ ಎಡಗಡೆಯ ಮಡ್‌ಗಾರ್ಡು ಒಳಗೆ ಹೋಗಿತ್ತು, ದೀಪ ಒಡೆದಿತ್ತು. "ಎಮ್ಮಿ ಅಡ್ಡ ಬಂತಪ್ಪಾ" ಎಂದರು. ಅವನು ಬಡಿದು ಸರಿ ಮಾಡಿದ, ತಗ್ಗಿಗೆ ಪುಟ್ಟಿ ಮೆತ್ತಿದ, ಮತ್ತೆ ಅಸ್ತರ್ ಹಚ್ಚಿ ಹಾಲುಬಿಳಿ ಬಣ್ಣ ಹೊಡೆದುಕೊಟ್ಟ.

ಅಷ್ಟೇ ಆಗಿದ್ದರೆ ಅವನು ಹೀಗೆ ಕೂತುಬಿಡುತ್ತಿರಲಿಲ್ಲ. ದೀಪದ ಉಂಗುರ ಬಿಚ್ಚುವಾಗ ಅದರ ಸಂದಿಯಲ್ಲಿ ಒಂದು ಗೇಣು ನೂಲು ಸಿಕ್ಕಿತ್ತು. ಕರೀ ಉಣ್ಣೆಯ ನೂಲು. ಕಂಬಳಿಯದು. ಎಮ್ಮೆ ಯಾವಾಗ ಕಂಬಳಿ ಹೊದ್ದುಕೊಂಡಿತ್ತು? ಆ ಪ್ರಶ್ನೆ ಅವತ್ತೂ ಬಂದಿತ್ತು. ಎರಡು ದಿನದ ಮೇಲೆ ಕುರಿ ಕಾಯುವ ಬಸ್ಸಪ್ಪನ ಸುದ್ದಿ ಬಂದಾಗ ಮತ್ತೊಮ್ಮೆ ಬಂದಿತ್ತು. ಆದರೆ ಜನ ಕೆಂಪು ಜೀಪು ಅಂದರು, ಪಂಪಣ್ಣ ಸಿಕ್ಕ ಅಂದರು. 'ಸಿಕ್ಕನಲ್ಲ, ಮತ್ತೇನು' ಎಂದು ಮಲೀಕಸಾಬ ತನಗೆ ತಾನೇ ಹೇಳಿಕೊಂಡು ಆ ನೂಲನ್ನು ಚಹಾದ ಒಲೆಗೆ ಹಾಕಿದ್ದ. ಹದಿಮೂರು ತಿಂಗಳು ಬಾಯಿ ಮುಚ್ಚಿಕೊಂಡು ಅವರದೇ ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುತ್ತ ಬಂದಿದ್ದ.

ಈಗ ಅತ್ತ ದರಿ, ಇತ್ತ ಪುಲಿ. ಸಂಜೆ ಕೆಂಪು ಹಚ್ಚಿಬಿಟ್ಟರೆ ಏನೂ ಇಲ್ಲ. ನಾಳೆ ಪಕೀರಮ್ಮ ಕೆಂಪು ಜೀಪು ನೋಡಿ 'ಇದಲ್ಲ' ಅನ್ನುತ್ತಾಳೆ. ಮುದುಕಿಗೆ ತಲೆ ಕೆಟ್ಟಿದೆ, ಬರೆದ ಹೇಳಿಕೆಯೇ ಸರಿ ಅನ್ನುತ್ತಾರೆ. ಪಂಪಣ್ಣ ಒಳಗೆ ಹೋಗುತ್ತಾನೆ. ಹಚ್ಚದಿದ್ದರೆ ಕೋರ್ಟಿನಲ್ಲಿ ಬಾಯಿ ಬಿಡಬೇಕು. ಬಿಟ್ಟರೆ ಸಾವುಕಾರರ ಕೆಲಸ ಹೋಗುತ್ತದೆ. ಸಾಕ್ಷಿ ಮುಚ್ಚಿದ್ದಕ್ಕೆ ತನಗೂ ಬೇಡಿ ಬಿದ್ದರೆ ಕೇಳುವವರು ಯಾರು?

ಅಷ್ಟರಲ್ಲೇ ಶೆಡ್ಡಿನ ಮುಂದೆ ಜೀಪು ನಿಂತ ಸದ್ದಾಯಿತು. ಹಾಲುಬಿಳಿ ಜೀಪು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ಆ ಭಾನುವಾರವೇ ಕರಿಬಸಪ್ಪನವರಿಗೆ ಲಿಂಗಸುಗೂರಿನಲ್ಲಿ ಕೆಲಸ ಬಂದಿತ್ತು. ಹಣೆಯ ತುಂಬ ವಿಭೂತಿ, ಬಿಳೀ ಧೋತರ.

"ಏನೋ ಮಲೀಕಸಾಬ, ಸಂಕ್ರಾಂತಿ ಒಳಗ ಮೂರು ಟ್ರೇಲರ್ ಕಳಸ್ತೀನಿ. ಬಣ್ಣ ಹಚ್ಚಿ ಕೊಡಬೇಕು ನೋಡು."

"ಹೂಂ ರೀ ಸಾವುಕಾರ್ರ."

ಸಾವುಕಾರರು ಕಟ್ಟೆಯ ಕಡೆ ನೋಡಿದರು. ನೋಡಿದವರು ಕಣ್ಣು ತೆಗೆಯಲಿಲ್ಲ. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಬಡಿಯಿತು.

"ಇದೇನು ಆಟಿಗಿ ಸಾಮಾನು?"

"ವಕೀಲರದು ರೀ. ನಾಳಿ ಕೋರ್ಟಿಗೆ. ಕೆಂಪು ಹಚ್ಚಾಕ ಹೇಳ್ಯಾರ."

"ಮತ್ತ ಹಚ್ಚಿಲ್ಲ?"

"ಹಚ್ಚಬೇಕ್ರೀ."

"ಹಚ್ಚು. ನಾ ಚಹಾ ಕುಡಕೊಂತ ಕೂಡ್ತೀನಿ. ನಿನ್ನ ಕೈ ಕೆಲಸ ನೋಡಿ ಭಾಳ ದಿನಾತು."

ಅವರು ಟೈರಿನ ಮೇಲೆ ಕೂತೇಬಿಟ್ಟರು. ಮಲೀಕಸಾಬ ಕೆಂಪು ಡಬ್ಬಿ ತೆಗೆದ, ಮುಚ್ಚಳ ಎಬ್ಬಿಸಿದ, ಕಡ್ಡಿ ಹಾಕಿ ತಿರುವಿದ. ತಿರುವಿದ್ದನ್ನೇ ತಿರುವಿದ. ಆಮೇಲೆ ಡಬ್ಬಿ ಕೆಳಗಿಟ್ಟ.

"ಅಸ್ತರ್ ಹಸಿ ಐತ್ರೀ. ಹಸಿ ಮ್ಯಾಲ ಹಚ್ಚಿದ್ರ ಸುಕ್ಕು ಬರತೈತಿ."

ಕರಿಬಸಪ್ಪನವರು ಎದ್ದು ಹೋಗಿ ಹೆಬ್ಬೆಟ್ಟನ್ನು ಆ ಪುಟ್ಟ ಜೀಪಿನ ಬಾನೆಟ್ಟಿನ ಮೇಲೆ ಒತ್ತಿದರು. ಬೆರಳು ತಿರುಗಿಸಿ ಅವನ ಮೂಗಿನ ಮುಂದೆ ಹಿಡಿದರು. ಒಂದು ಕಲೆ ಇರಲಿಲ್ಲ.

"ಆರೈತಲ್ಲೋ."

ಮಲೀಕಸಾಬನ ಬಾಯಿ ಎಲ್ಲಿಂದಲೋ ಮಾತು ತಂದಿತು. "ಮ್ಯಾಲ ಆರೈತ್ರೀ ಸಾವುಕಾರ್ರ. ಒಳಗ ಆರಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ನೋಟದಲ್ಲೇ ಎಲ್ಲ ತಿಳಿಯಿತು, ಇವನಿಗೆ ಗೊತ್ತು ಎಂದು ಅವರಿಗೆ, ಅವರಿಗೆ ತಿಳಿಯಿತು ಎಂದು ಇವನಿಗೆ. ಸಾವುಕಾರರು ಧೋತರ ಝಾಡಿಸಿಕೊಂಡರು.

"ನೀ ಶಾಣ್ಯಾ ಅದಿ ಮಲೀಕಸಾಬ. ಹೊಟ್ಟಿ ಮ್ಯಾಲ ಹೊಡಕೊಳ್ಳೋ ಮನಷಾ ಅಲ್ಲ ನೀ," ಎಂದು ಹೇಳಿ ಜೀಪು ಹತ್ತಿ ಹೋದರು. ತಂದಿಟ್ಟ ಚಹಾ ಅಲ್ಲೇ ಉಳಿಯಿತು.

ಗುಲ್ಷನ್‌ಬೀ ಶೆಡ್ಡಿಗೆ ಅಂಟಿಕೊಂಡ ಮನೆಯ ಗೋಡೆಯ ಮರೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಏನೈತ್ರೀ? ಮುಖ ಯಾಕ ಸುಣ್ಣದಂಗಾಗೇತಿ?" ಮಲೀಕಸಾಬ ಹೇಳಿದ. ಎಲ್ಲ ಹೇಳಿದ, ನೂಲಿನ ಮಾತೊಂದನ್ನು ಬಿಟ್ಟು. ಅವಳು ಸಾವುಕಾರರು ಬಿಟ್ಟುಹೋದ ಚಹಾವನ್ನು ಬೀದಿಗೆ ಚೆಲ್ಲಿದಳು. "ಸಾವುಕಾರ್ರ ಕೆಲಸ ಹೋದ್ರ ನಾ ಹೊಲಿಗಿ ಹಾಕತೀನಿ, ಉಪಾಸ ಸಾಯಂಗಿಲ್ಲ," ಎಂದಳು. "ಆದ್ರ ನೀವು ಒಳಗ ಹೋದ್ರ ನಾ ಏನು ಮಾಡ್ಲಿ? ಅದನ್ನ ಮೊದಲ ವಕೀಲರನ್ನ ಕೇಳ್ರಿ." ಅವಳ ಮಾತು ಸರಿಯಿತ್ತು. ಆದರೆ ಅವನು ಕೇಳಲು ಹೋಗಲಿಲ್ಲ. ಕೇಳಿದರೆ ಹೆದರಿಕೊಂಡು ಬಿಡುತ್ತೇನೆ ಎಂದು ಅವನಿಗೆ ತನ್ನ ಬಗ್ಗೆಯೇ ಭಯ. ಸುಮ್ಮನೆ ಕೂತು ತಾಟಿನಲ್ಲಿದ್ದ ಗಾಲಿ, ಸೀಟು, ಸ್ಟೇರಿಂಗನ್ನು ಒಂದೊಂದಾಗಿ ಆ ಕಾವಿ ಮೈಗೆ ಕೂಡಿಸಿದ. ಕೆಂಪು ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ.

ಸೋಮವಾರ ಕೋರ್ಟಿನ ಪಡಸಾಲೆಯಲ್ಲಿ ಡಬ್ಬಿ ತೆರೆದು ನೋಡಿದ ಬಸವಂತರಾಯರು ಹೌಹಾರಿದರು. "ಕೆಂಪು ಎಲ್ಲೋ ಮಾರಾಯಾ? ಏನು ಮಾಡಿದಿ? ಅವನ ಜೀವಾ ತಗದೆಲ್ಲೋ!" ಆಚೆ ಕಂಬಕ್ಕೆ ಒರಗಿ ಪಂಪಣ್ಣ ನಿಂತಿದ್ದ. ಗಡ್ಡ ಬಿಟ್ಟು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು, ಇನ್ನೇನು ಕರೆಯುತ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದ. ಮಲೀಕಸಾಬ ಅವನ ಕಡೆ ನೋಡಲಾರದೆ ನೆಲ ನೋಡಿದ. "ಆಕಿ ಕೈಗೆ ಇದನ್ನಽ ಕೊಡ್ರಿ ಸಾಹೇಬ್ರ. ಆಮ್ಯಾಲ ನನ್ನ ಕರೀರಿ," ಎಂದ. ವಕೀಲರು ಇನ್ನೇನೋ ಕೇಳುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

ಪಕೀರಮ್ಮ ಕಟಕಟೆಯಲ್ಲಿ ನಿಂತು ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಹಲಗೆ ಮುಂದಿಟ್ಟರು. ವಕೀಲರು ಜೀಪು ಅವಳ ಕೈಗೆ ಕೊಟ್ಟರು. ಮುದುಕಿ ಅದನ್ನು ಹಿಡಿದುಕೊಂಡದ್ದೇ ಬಾಯಿಯ ಸೆರಗು ಜಾರಿತು.

"ಇದಽ ರೀ ದೇವ್ರ. ನಿನ್ನೀನೂ ನೋಡೀನಿ. ಕೆಂದ ಜೀಪು."

"ಕೆಂಪು ಅಂತ ಬರೆಸಿದ್ದೀಯಲ್ಲಮ್ಮ?" ಎಂದರು ಜಡ್ಜ್ ಸಾಹೇಬರು.

"ಬರೆದವ್ರು ಏನು ಬರೆದ್ರೋ ನನಗೇನು ಗೊತ್ರೀ? ನಾ ಕೆಂದ ಅಂದೆ. ನಿಮ್ಮ ಮನ್ಯಾಗ ದನ ಕಟ್ಟಿದ್ರ ನಿಮಗೂ ತಿಳೀತಿತ್ತು."

ಕೋರ್ಟಿನಲ್ಲಿ ನಗು ಎದ್ದಿತು. ಸಾಹೇಬರು ನಗಲಿಲ್ಲ. ಅವರು ಆ ಜೀಪನ್ನು ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ಯಾವ ಬಣ್ಣ? ಇಂಥ ಬಣ್ಣದ ಜೀಪು ಎಲ್ಲಿರುತ್ತದೆ?"

ಆಗ ಮಲೀಕಸಾಬ ಹಿಂದಿನ ಬೆಂಚಿನಿಂದ ಎದ್ದು ನಿಂತ. ಕರೆಯುವವರೆಗೆ ಕಾಯಬೇಕು ಎಂಬುದೂ ಅವನಿಗೆ ನೆನಪಾಗಲಿಲ್ಲ. "ಎಲ್ಲೂ ಇರಂಗಿಲ್ಲ ರೀ ಹುಜೂರ್," ಎಂದ. "ಪೇಂಟರನ ಶೆಡ್ಡಿನ್ಯಾಗ ಮಾತ್ರ ಇರತೈತಿ. ನನ್ನ ಶೆಡ್ಡಿನ್ಯಾಗಿಂದಽ ಹೊರಗ ಹೋಗಿತ್ತು."

ಆಮೇಲೆ ಅವನನ್ನು ಕ್ರಮವಾಗಿ ಕಟಕಟೆಗೆ ಕರೆದು, 'ಖರೆ ಹೇಳುತ್ತೇನೆ' ಅನ್ನಿಸಿ, ಬರೆದುಕೊಂಡರು. ಯಾರ ಜೀಪು, ಯಾವ ದಿನ ಹೋಯಿತು, ಯಾವ ಮಡ್‌ಗಾರ್ಡು ಒಳಗೆ ಹೋಗಿತ್ತು, ಎಲ್ಲ ಹೇಳಿದ. "ಈಗ ಅದು ಬಿಳೀ ಐತಿ. ಆದ್ರ ಮ್ಯಾಲಿನ ಬಣ್ಣ ತೆಗೀರಿ, ಕೆಳಗ ನನ್ನ ಪುಟ್ಟಿ ಐತಿ, ಪುಟ್ಟಿ ಕೆಳಗ ನನ್ನ ಸುತ್ತಿಗಿ ಪೆಟ್ಟು ಅದಾವ." ಎದುರು ವಕೀಲರು, "ನಿನಗೆ ಅವತ್ತೇ ಅನುಮಾನ ಬರಲಿಲ್ಲವೇ?" ಎಂದು ಕೇಳಿದರು. "ಎಮ್ಮಿ ಅಂದ್ರು ರೀ. ನಂಬಿದೆ," ಎಂದ.

ಮುಂದಿನ ತಾರೀಖಿಗೆ ಆ ಬಿಳೀ ಜೀಪನ್ನು ಕೋರ್ಟಿನ ಅಂಗಳಕ್ಕೆ ತರಿಸಿದರು. ಬಣ್ಣ ತೆಗೆಯಲು ಬೇರೆ ಯಾರನ್ನಾದರೂ ಕರೆಸಿ ಎಂದು ಕರಿಬಸಪ್ಪನವರ ಕಡೆಯವರು ಹಟ ಹಿಡಿದಿದ್ದರಿಂದ ರಾಯಚೂರಿನ ಒಬ್ಬ ಪೇಂಟರನನ್ನು ಕರೆಸಿದ್ದರು. ಆತ ಪಂಚರ ಮುಂದೆ ಎಡಗಡೆಯ ಮಡ್‌ಗಾರ್ಡು ಉಜ್ಜಿದ. ಬಿಳಿ ಹೋಯಿತು, ಕಾವಿ ಬಂತು, ಕಾವಿಯ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಡಿದು ಬಡಿದು ಎಬ್ಬಿಸಿದ ತಗಡು. ಮಲೀಕಸಾಬ ದೂರದಿಂದ ತನ್ನ ಕೆಲಸವನ್ನು ತಾನೇ ನೋಡುತ್ತ ನಿಂತಿದ್ದ. ಎಷ್ಟು ಚೆನ್ನಾಗಿ ಮುಚ್ಚಿದ್ದೆನಲ್ಲ ಎಂದು ಅವನಿಗೆ ಮೊದಲ ಸಲ ತನ್ನ ಕೈಯ ಮೇಲೆ ಹೇಸಿಗೆ ಬಂತು.

ಕರಿಬಸಪ್ಪನವರ ಮೇಲೆ ಬೇರೆ ಕೇಸು ಹೂಡಿದರು. ಅದು ವರ್ಷಗಟ್ಟಲೆ ಎಳೆಯಿತು, ಅದರ ಕಥೆ ಬೇರೆ. ಮಲೀಕಸಾಬನಿಗೆ ಬೇಡಿ ಬೀಳಲಿಲ್ಲ. ಟ್ರೇಲರುಗಳು ಬರಲಿಲ್ಲ, ಸಾವುಕಾರರ ಬೀಗರ, ಬಂಧುಗಳ ಗಾಡಿಗಳೂ ನಿಂತವು. ಗುಲ್ಷನ್‌ಬೀ ಹೇಳಿದ ಹಾಗೆ ಹೊಲಿಗೆ ಯಂತ್ರದ ಮುಂದೆ ಕೂತಳು. 1988ರ ಬೇಸಿಗೆಯಲ್ಲಿ ಪಂಪಣ್ಣ ಬಿಡುಗಡೆಯಾದ.

ಬಿಡುಗಡೆಯಾದ ದಿನವೇ ಪಂಪಣ್ಣ ಪೇಢೆಯ ಪೊಟ್ಟಣ ಹಿಡಿದುಕೊಂಡು ಶೆಡ್ಡಿಗೆ ಬಂದ. ಬಂದವನು ಮಲೀಕಸಾಬನ ಕಾಲು ಹಿಡಿಯಲು ಬಗ್ಗಿದ. "ನೀವು ನನ್ನ ಪಾಲಿನ ದೇವ್ರು ರೀ. ನಿಮ್ಮ ಅನ್ನಕ್ಕ ಕಲ್ಲು ಹಾಕ್ಕೊಂಡು ನನ್ನ ಉಳಿಸಿದ್ರಿ" ಎಂದು ಅಳತೊಡಗಿದ.

ಆ ಅಳು ನೋಡಿ ಮಲೀಕಸಾಬನಿಗೆ ತಡೆದುಕೊಳ್ಳಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರು ಕೇಳುತ್ತಿದ್ದರು? ಊರೆಲ್ಲ ಅವನನ್ನು ಹೊಗಳುತ್ತಿತ್ತು. ಆದರೆ ಅವನು ಪಂಪಣ್ಣನ ಎರಡೂ ಭುಜ ಹಿಡಿದು ಎಬ್ಬಿಸಿದ.

"ಕಾಲು ಮುಟ್ಟಬ್ಯಾಡ ತಮ್ಮಾ. ಕೋರ್ಟಿನ್ಯಾಗ ನಾ ಅರ್ಧಾ ಹೇಳೀನಿ. ಆ ಜೀಪಿನ ದೀಪದ ಸಂದ್ಯಾಗ ಕಂಬಳಿ ನೂಲು ಸಿಕ್ಕಿತ್ತು. ನಿನ್ನ ಹಿಡಿಯೂಕಿಂತ ಮೊದಲಽ. ಎಮ್ಮಿ ಕಂಬಳಿ ಹೊದಿಯಂಗಿಲ್ಲ ಅಂತ ನನಗ ಗೊತ್ತಿತ್ತು. ಒಲಿಗೆ ಹಾಕಿದೆ. ನೀ ಒಳಗಿದ್ದಿ, ನಾ ಅವರ ಗಾಡಿಗೆ ಬಣ್ಣ ಹೊಡಕೊಂತ ಇದ್ದೆ."

ಪಂಪಣ್ಣ ಅವನ ಮುಖವನ್ನೇ ನೋಡಿದ. ಬೈದಿದ್ದರೆ, ಎರಡು ಬಿಟ್ಟಿದ್ದರೆ ಮಲೀಕಸಾಬನಿಗೆ ಎಷ್ಟೋ ಹಗುರವಾಗುತ್ತಿತ್ತು. ಪೇಢೆಯ ಪೊಟ್ಟಣ ಕೈಯಲ್ಲೇ ಹಿಡಿದುಕೊಂಡು ಪಂಪಣ್ಣ ಹೊರಟು ಹೋದ.

ಎಂಟು ದಿನ ಮಲೀಕಸಾಬ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಜೀಪು ಬಂದು ನಿಂತಿತು. ಒಂದೂವರೆ ವರ್ಷ ಬಿಸಿಲು ಮಳೆಯಲ್ಲಿ ನಿಂತು ತುಕ್ಕು ಹಿಡಿದ ಕೆಂಪು ಜೀಪು. ಪಂಪಣ್ಣ ಇಳಿದು ಬಂದ. ಮುಖದಲ್ಲಿ ನಗು ಇರಲಿಲ್ಲ.

"ಕೆಂಪು ತೆಗೀರಿ," ಎಂದ.

ಮಲೀಕಸಾಬ ಬಾನೆಟ್ಟಿನ ತುಕ್ಕನ್ನು ಉಗುರಿನಿಂದ ಕೆರೆದು ನೋಡಿದ. "ಯಾ ಬಣ್ಣ ಹಚ್ಚಲಿ?"

"ಯಾವುದರ ಹಚ್ರಿ, ಕೆಂಪು ಬ್ಯಾಡ. ಆದ್ರ ತಗಡಿನ ತನಕ ತೆಗೀರಿ." ಪಂಪಣ್ಣ ಕೀಲಿ ಮುಂದೆ ಚಾಚಿದ, ಕೊಡದೆ ಒಂದು ಗಳಿಗೆ ಹಾಗೇ ಹಿಡಿದುಕೊಂಡ. "ಈ ಸಲ ಒಳಗ ಏನರ ಸಿಕ್ರ ನನಗ ಹೇಳ್ರಿ."

ಮಲೀಕಸಾಬ ತಲೆ ಎತ್ತಲಿಲ್ಲ. ಹೂಂ ಎಂದು ಕೀಲಿ ಇಸಕೊಂಡ.